ಶಿರಸಿಯಿಂದ ಕಾರವಾರಕ್ಕೆ: ಮಂಡಿ ಕೇಳಿದ ಫುಟ್‌ಪೆಗ್

ಬೈಕಿನ ಫುಟ್‌ಪೆಗ್, ಅಂದರೆ ಓಡಿಸುವಾಗ ಪಾದ ಇಡುವ ಕಂಬಿ, ಬದಲಿಸುವವರು ಸಾಮಾನ್ಯವಾಗಿ ಮೊದಲು ನೋಡುವುದು ಅದರ ಅಗಲ. ನಾನು ಮೊದಲು ನೋಡಿದ್ದು ನನ್ನ ಮಂಡಿ. ನನ್ನ ಎತ್ತರ ಆರಡಿಗೆ ಹತ್ತಿರ. ಗಾಡಿ ರಾಯಲ್ ಎನ್‌ಫೀಲ್ಡಿನ 411 ಸಿಸಿಯ ಹಿಮಾಲಯನ್, ಸೀಟಿನ ಎತ್ತರ 800 ಮಿಲಿಮೀಟರ್. ನೆಲಕ್ಕೆ ಕಾಲು ಆರಾಮಾಗಿ ಸಿಗುತ್ತದೆ, ಆದರೆ ಸೀಟಿಗೂ ಪೆಗ್ಗಿಗೂ ನಡುವಿನ ಜಾಗ ನನ್ನ ಕಾಲಿಗೆ ಸಾಲುವುದಿಲ್ಲ. ದೇವಿಮನೆ ಘಾಟಿ ಇಳಿಯುವಾಗ ಇದು ಗೊತ್ತಾಗುವುದಿಲ್ಲ. ತಿರುವಿಗೊಮ್ಮೆ ಮೈ ಅಲ್ಲಾಡುತ್ತಲೇ ಇರುತ್ತದಲ್ವಾ. ಕುಮಟಾದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಒಂದೇ ಭಂಗಿಯಲ್ಲಿ ಕೂತ ಮೇಲೆ ಶುರು. ಅಂಕೋಲಾ ಬರುವಷ್ಟರಲ್ಲಿ ಮಂಡಿ ಹಿಡಿದುಕೊಂಡಿರುತ್ತದೆ.

ಶಿರಸಿಯ ಗ್ಯಾರೇಜಿನಲ್ಲಿ ಕೇಳಿದಾಗ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: "ಹೆಗಡೇರೇ, ಮೊದ್ಲು ಸೀಟು ನೋಡಿ." ಮಾತು ಸರಿ. ಹಳೆಯ ಗಾಡಿಯಲ್ಲಿ ಫೋಮ್ ಕುಸಿದರೆ ನಾವೇ ಕೆಳಗೆ ಇಳಿದಿರುತ್ತೇವೆ, ಪೆಗ್ ಇದ್ದಲ್ಲೇ ಇರುತ್ತದೆ. ನನ್ನದರಲ್ಲಿ ಫೋಮ್ ಗಟ್ಟಿ ಇತ್ತು.

ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಪೆಗ್ಗನ್ನು ಒಂದಿಂಚು ಇಳಿಸುವುದೂ ಒಂದೇ, ಸೀಟನ್ನು ಒಂದಿಂಚು ಏರಿಸುವುದೂ ಒಂದೇ. ಮಂಡಿಗೆ ಸಿಗುವ ಬಿಡುವು ಅಷ್ಟೇ. ಹಾಗಾಗಿ ಹಳೆಯ ಕಂಬಳಿ ಮಡಚಿ, ಕೂತ ಮೇಲೂ ಒಂದಿಂಚು ಉಳಿಯುವಂತೆ ಸೀಟಿನ ಮೇಲೆ ಬಿಗಿಯಾಗಿ ಕಟ್ಟಿ, ಅಂಕೋಲಾ ತನಕ ಹೋಗಿ ಬಂದೆ. ಹ್ಯಾಂಡಲ್ ಸ್ವಲ್ಪ ತಗ್ಗಿದ ಹಾಗನ್ನಿಸಿತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಂಡಿ ಮಾತ್ರ ಸುಮ್ಮನಿತ್ತು. ನೋಡಿದವರು ನಕ್ಕರು, ನಗಲಿ.

ಅಂದರೆ ನನಗೆ ಬೇಕಾಗಿದ್ದು ತಗ್ಗಿನ ಪೆಗ್. ಎಷ್ಟು ತಗ್ಗು ಅನ್ನುವುದರಲ್ಲಿ ಆಸೆಬುರುಕತನ ಬೇಡ. ಪೆಗ್ ಇಳಿದಷ್ಟೂ ತಿರುವಿನಲ್ಲಿ ಗಾಡಿ ವಾಲಿಸುವ ಅವಕಾಶ ಕಡಿಮೆ. ಹಿಂದೆ ಒಬ್ಬರು ಕೂತು ಎರಡು ಬ್ಯಾಗು ಕಟ್ಟಿದರೆ ಸಸ್ಪೆನ್ಶನ್ ಕುಗ್ಗಿ ಗಾಡಿ ಇನ್ನೂ ತಗ್ಗುತ್ತದೆ. ಅರಬೈಲ್ ಘಾಟಿಯ ತಿರುವುಗಳಲ್ಲಿ ಪೆಗ್ ನೆಲಕ್ಕೆ ಉಜ್ಜುವುದು ನನಗೆ ಬೇಡ. ಭಾರಕ್ಕೆ ಗಾಡಿ ಹೆಚ್ಚು ಕುಗ್ಗದ ಹಾಗೆ ಹಿಂದಿನ ಸ್ಪ್ರಿಂಗಿನ ಪ್ರೀಲೋಡ್ (ಮೊದಲೇ ಒತ್ತಿಟ್ಟ ಬಿಗಿ) ಹೆಚ್ಚಿಸಿಕೊಂಡು, 20 ಮಿಲಿಮೀಟರ್ ತಗ್ಗಿಗೆ ನಿಂತೆ. ನೆಲಕ್ಕೆ ತಾಗಿದರೆ ಮೇಲಕ್ಕೆ ಮಡಚಿಕೊಳ್ಳುವ ಪೆಗ್ಗೇ ಆಗಬೇಕು. ನೋಡಲು ಎಷ್ಟೇ ಚಂದ ಇರಲಿ, ಅಲುಗಾಡದ ಹಾಗೆ ಬೋಲ್ಟ್ ಹಾಕಿ ಕೂರಿಸುವಂಥದ್ದನ್ನು ನಾನು ಮುಟ್ಟುವುದಿಲ್ಲ.

ಅಗಲದ ಮಾತಿಗೆ ಬಂದರೆ, ಹಿಂದೆ ಮುಂದೆ ಅಗಲ ಇರಬೇಕು, ಹೊರಗೆ ಚಾಚಿರಬಾರದು. ಪಾದದ ಭಾರ ಹಂಚಿಹೋಗುವುದು ಮೊದಲನೆಯದರಿಂದ. ಹೊರಗೆ ಚಾಚಿದ್ದು ಟ್ರಾಫಿಕ್ಕಿನಲ್ಲಿ ಕಾಲು ಕೆಳಗಿಟ್ಟಾಗ ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ಹಿಡಿತಕ್ಕೆಂದು ಮೇಲೆ ಲೋಹದ ಹಲ್ಲಿರುವ ಪೆಗ್ಗಾದರೆ ಚರ್ಮವೇ ಕಿತ್ತುಬರುತ್ತದೆ.

ರಬ್ಬರೋ ಹಲ್ಲೋ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಮಳೆಯೇ ಉತ್ತರ. ಒಂದೇ ಸಿಲಿಂಡರಿನ ಎಂಜಿನ್ ನಡುಗುತ್ತದೆ, ಹೆದ್ದಾರಿಯಲ್ಲಿ ಪಾದ ಜುಮ್ಮೆನ್ನುತ್ತದೆ, ಅದಕ್ಕೆ ರಬ್ಬರ್ ಬೇಕು. ಜೂನ್ ಬಂತೆಂದರೆ ಬೂಟಿನಡಿ ಕೆಂಪು ರಾಡಿ. ಒದ್ದೆ ರಬ್ಬರಿನ ಮೇಲೆ ಅದು ಬೆಣ್ಣೆಯ ಹಾಗೆ ಜಾರುತ್ತದೆ. ಯಾಣದ ಕಡೆಯ ಒಳದಾರಿಯಲ್ಲಿ ನಿಂತು ಓಡಿಸುವಾಗಲಂತೂ ಹಲ್ಲು ಇರಲೇಬೇಕು. ಹಾಗಾಗಿ ರಬ್ಬರ್ ಬಿಚ್ಚಿ ಹಾಕಲು ಬರುವ ಸ್ಟೀಲ್ ಪೆಗ್ ತಗೊಂಡೆ. ಮಳೆಗಾಲದಲ್ಲಿ ಹಲ್ಲು, ಉಳಿದ ದಿನ ರಬ್ಬರ್. ಹಲ್ಲು ಬೂಟಿನ ಅಟ್ಟೆಯನ್ನು ಬೇಗ ತಿನ್ನುತ್ತದೆ ಅನ್ನುವುದೂ ನಿಜ.

ಅಲ್ಯುಮಿನಿಯಂ ಪೆಗ್ ಹಗುರ, ಚಂದ. ಆದರೆ ಪೆಗ್ಗನ್ನು ಗಾಡಿಗೆ ಹಿಡಿದಿಡುವ ಸ್ಟೀಲ್ ಪಿನ್ನಿನ ಜೊತೆ ಕಡಲ ಗಾಳಿಯಲ್ಲಿ ಇದ್ದರೆ ಬಿಳಿ ಪುಡಿ ಕಟ್ಟುತ್ತದೆ, ಪಿನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಪೆಗ್ ಮಡಚುವುದೂ ಇಲ್ಲ, ಮಡಚಿದರೆ ವಾಪಸು ಬರುವುದೂ ಇಲ್ಲ. ಕಾರವಾರದಲ್ಲಿ ಗಾಡಿ ಹೊರಗೆ ನಿಲ್ಲಿಸುವವರು ಅಲ್ಯುಮಿನಿಯಂ ಬಿಡುವುದೇ ಒಳ್ಳೆಯದು. ಯಾವ ಪೆಗ್ಗಾದರೂ ಮಳೆಗಾಲದ ಮುಂಚೆ, ಆಮೇಲೆ ಪಿನ್ನಿಗೆ ಗ್ರೀಸ್ ಹಚ್ಚಬೇಕು.

ಕೂರಿಸುವ ಕೆಲಸ ದೊಡ್ಡದಲ್ಲ. ಉದ್ದ ಪಿನ್ ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ (ತುದಿ ಬಗ್ಗಿಸಿದ ಸಣ್ಣ ತಂತಿ ಪಿನ್) ತೆಗೆದು, ಆ ಉದ್ದ ಪಿನ್ ಎಳೆದು, ಸ್ಪ್ರಿಂಗ್ ಯಾವ ಕಡೆ ಹೇಗೆ ಕೂತಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಸಾಕು. ಸ್ಪ್ಲಿಟ್ ಪಿನ್ ಮಾತ್ರ ಹೊಸದೇ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ನಿಜವಾದ ಕೆಲಸ ಇರುವುದು ಆಮೇಲೆ. ಪಾದ 20 ಮಿಲಿಮೀಟರ್ ಇಳಿಯಿತು, ಗೇರ್ ಲಿವರ್ ಮತ್ತು ಬ್ರೇಕ್ ಪೆಡಲ್ ಇಳಿಯಲಿಲ್ಲ. ಹಾಗೇ ಬಿಟ್ಟರೆ ಪ್ರತಿ ಬ್ರೇಕಿಗೂ ಪಾದ ಎತ್ತಬೇಕು, ಮಂಡಿಗೆ ಸಿಕ್ಕ ಸುಖ ಕಣಕಾಲಿನಲ್ಲಿ ಹೋಗುತ್ತದೆ. ಎರಡನ್ನೂ ತಗ್ಗಿಸಿದೆವು. ಬ್ರೇಕ್ ಪೆಡಲ್ ತಗ್ಗಿಸುವಾಗ ಸ್ವಲ್ಪ ಸಡಿಲು ಉಳಿಯಲೇಬೇಕು. ಇಲ್ಲದಿದ್ದರೆ ಪ್ಯಾಡ್ ಡಿಸ್ಕಿಗೆ ಸದಾ ತಾಗುತ್ತಾ ಬಿಸಿಯೇರುತ್ತದೆ, ಘಾಟಿ ಇಳಿಯುವಾಗ ಅದು ಒಳ್ಳೆಯದಲ್ಲ. ಬ್ರೇಕ್ ಲೈಟ್ ಸ್ವಿಚ್ಚನ್ನೂ ಮತ್ತೆ ಹೊಂದಿಸಿ, ಹಿಂದೆ ಒಬ್ಬರನ್ನು ನಿಲ್ಲಿಸಿ ನೋಡಿಕೊಳ್ಳಬೇಕು.

ಈಗ ಕಾರವಾರದ ತನಕ ಮಂಡಿಯ ತಕರಾರಿಲ್ಲ. ಹಿಂದೆ ಕೂರುವ ಹೆಂಡತಿಯ ಪೆಗ್ ಮಾತ್ರ ಇನ್ನೂ ಕಂಪನಿಯದೇ. "ನಿಮ್ದು ಆಯ್ತಲ್ಲ, ನಂದು ಯಾವಾಗ?" ಎಂದು ಕೇಳುತ್ತಿದ್ದಾಳೆ. ಕಂಬಳಿ ತೆಗೆದಿಟ್ಟಿದ್ದೇನೆ.