ಓಪನ್ ಡೇಗೆ ಹೋಗೋ ಮುಂಚೆ ಮಗುವಿನ ಪೇಪರ್ ಓದಿ

ಮುಂಬೈ ಸ್ಕೂಲ್‌ಗಳಲ್ಲಿ ದೀಪಾವಳಿ ರಜೆಯ ಹಿಂದೆಮುಂದೆ ಓಪನ್ ಡೇ ಬರುತ್ತೆ, ಅಂದ್ರೆ ಪರೀಕ್ಷೆಯ ಉತ್ತರ ಪೇಪರ್ ತೋರಿಸಿ ಟೀಚರ್ ಪಾಲಕರ ಜೊತೆ ಮಾತಾಡೋ ದಿನ. ಕೆಲವು ಕಡೆ ಪಿಟಿಎಂ (ಪೇರೆಂಟ್ ಟೀಚರ್ ಮೀಟಿಂಗ್) ಅಂತಾರೆ, ಮರಾಠಿ ಮೀಡಿಯಂನಲ್ಲಿ ಪಾಲಕ ಸಭಾ. ಹೆಸರು ಏನೇ ಇರ್ಲಿ, ನಿಮ್ಮ ಪಾಲಿಗೆ ಸಿಗೋದು ಐದು ನಿಮಿಷ. ಕ್ಲಾಸಲ್ಲಿ 40 ಮಕ್ಕಳಿದ್ರೆ ತಲಾ ಐದು ನಿಮಿಷ ಅಂದ್ರೂ ಟೀಚರ್‌ಗೆ ಮೂರು ಗಂಟೆ ಮೇಲಾಗುತ್ತೆ, ಅದಕ್ಕಿಂತ ಜಾಸ್ತಿ ಅವರಾದ್ರೂ ಎಲ್ಲಿಂದ ಕೊಡ್ತಾರೆ. ಆ ಐದು ನಿಮಿಷಾನ ನಮ್ಮ ಕನ್ನಡ, ತುಳು ಮನೆಯವರು ಹೇಗೆ ಕಳೀತಾರೆ ಅಂತ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಟ್ಯೂಷನ್ ಹೇಳ್ಕೊಡ್ತಾ ಎಷ್ಟೋ ವರ್ಷದಿಂದ ನೋಡ್ತಾ ಇದೀನಿ. “ಹೇಗೆ ಓದ್ತಾನೆ ಮಿಸ್?” “ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡ್ಬೇಕು.” “ಮನೇಲಿ ಮೊಬೈಲೇ ಬಿಡಲ್ಲ ಮಿಸ್, ನೀವೇ ಸ್ವಲ್ಪ ಬಯ್ರಿ.” ಅಷ್ಟೇ, ಮುಂದಿನವರು ಬನ್ನಿ. ಮಗು ಪಕ್ಕದಲ್ಲೇ ತಲೆ ತಗ್ಗಿಸ್ಕೊಂಡು ನಿಂತಿರುತ್ತೆ. ಹೋಟೆಲ್ ಕೆಲಸ ಬಿಟ್ಟು, ಅರ್ಧ ದಿನದ ಸಂಬಳ ಬಿಟ್ಟು ಬಂದ ಅಪ್ಪಂದಿರು ಏನೂ ತಿಳ್ಕೊಳ್ದೆ ವಾಪಸ್ ಹೋಗೋದು ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲನೇ ಸ್ಟೆಪ್ ಸುಲಭ. ಸರ್ಕ್ಯುಲರ್ ಪೂರ್ತಿ ಓದಿ, ನಿಮ್ಮ ರೋಲ್ ನಂಬರಿನ ಟೈಮ್ ನೋಡ್ಕೊಳ್ಳಿ. ವಾಟ್ಸಾಪ್ ಗ್ರೂಪಲ್ಲಿ ಯಾರೋ ಹೇಳಿದ ಟೈಮ್ ನಂಬ್ಕೊಂಡು ಹೋಗ್ಬೇಡಿ, ಸ್ಕೂಲ್ ಡೈರಿಲಿ ಬರೆದಿದ್ದೇ ಸರಿ.

ಎರಡನೇದು ಪೇಪರ್ ಓದೋದು, ಎಲ್ರೂ ಎಡವೋದು ಇಲ್ಲೇ. ಮಾರ್ಕ್ಸ್ ನೋಡ್ತಾರೆ, ಪೇಪರ್ ನೋಡಲ್ಲ. ಕೆಲವು ಸ್ಕೂಲವರು ಪೇಪರನ್ನ ಸೈನ್‌ಗೆ ಮನೆಗೆ ಕಳಿಸ್ತಾರೆ, ಕೆಲವರು ಓಪನ್ ಡೇ ದಿನ ಅಲ್ಲೇ ಕೊಟ್ಟು ಅಲ್ಲೇ ವಾಪಸ್ ತಗೋತಾರೆ. ಮನೆಗೆ ಬಂದ್ರೆ ಸೈನ್ ಹಾಕೋ ಮುಂಚೆ ಕೂತು ಓದಿ. ಅಲ್ಲೇ ಕೊಡೋದಾದ್ರೆ ನಿಮ್ಮ ಟೈಮ್‌ಗಿಂತ ಅರ್ಧ ಗಂಟೆ ಮುಂಚೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ಓದಿ, ಹೋಗೋ ಮುಂಚೆ ಯೂನಿಟ್ ಟೆಸ್ಟ್ ಪೇಪರ್, ಕ್ಲಾಸ್‌ವರ್ಕ್ ನೋಟ್‌ಬುಕ್ ಮನೇಲೇ ನೋಡಿಟ್ಕೊಳ್ಳಿ. ಕೈಲಿ ಪೆನ್ಸಿಲ್, ಒಂದು ಚೀಟಿ ಇರ್ಲಿ. ಮಾರ್ಕ್ಸ್ ಹೋದ ಪ್ರತಿ ಜಾಗಕ್ಕೂ ನಿಲ್ಲಿ, ಯಾಕೆ ಹೋಯ್ತು ಅಂತ ಚೀಟಿಲಿ ಗುರುತು ಹಾಕಿ. ಉತ್ತರಾನೇ ಗೊತ್ತಿರ್ಲಿಲ್ವಾ, ಗೊತ್ತಿದ್ದೂ ಟೈಮ್ ಸಾಲದೆ ಬಿಡ್ತಾ, ಪ್ರಶ್ನೇನೇ ಅರ್ಥ ಆಗ್ಲಿಲ್ವಾ, ಅಥವಾ ಬೋರ್ಡಿಂದ ಇಳಿಸ್ಕೊಳ್ಳೋವಾಗ್ಲೇ ತಪ್ಪಾಗಿತ್ತಾ. ಕೊನೆ ಎರಡು ಪುಟ ಖಾಲಿ ಇದ್ರೆ ಅದು ಓದಿಲ್ಲ ಅಂತಲೇ ಆಗ್ಬೇಕಿಲ್ಲ, ಕೈ ನಿಧಾನ ಇರ್ಬಹುದು. ಗಣಿತದಲ್ಲಿ ಬರೀ ಅಂಕಿಯ ಲೆಕ್ಕ ಸರಿ ಇದ್ದು ವಾಕ್ಯದ ಲೆಕ್ಕ (ವರ್ಡ್ ಪ್ರಾಬ್ಲಮ್) ಮಾತ್ರ ತಪ್ಪಿದ್ರೆ ಅದು ಗಣಿತದ ತೊಂದರೆ ಅಲ್ಲ, ಭಾಷೆಯದು. ಇವೆರಡಕ್ಕೂ ಔಷಧಿ ಬೇರೆಬೇರೆ, ಎರಡಕ್ಕೂ ಟ್ಯೂಷನ್ ಹಾಕ್ಸೋದೇ ಪರಿಹಾರ ಅಲ್ಲ, ಟ್ಯೂಷನ್ ನಡೆಸೋ ನಾನೇ ಇದನ್ನ ಹೇಳ್ತಿದೀನಿ.

ನಮ್ಮ ಕನ್ನಡ, ತುಳು ಮನೆ ಮಕ್ಕಳ ಮರಾಠಿ ಪೇಪರಂತೂ ಎರಡೆರಡು ಸಲ ಓದ್ಲೇಬೇಕು. 2020ರ ಕಾಯ್ದೆ ಬಂದ್ಮೇಲೆ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಸ್ಕೂಲ್ ಆದ್ರೂ ಮರಾಠಿ ಕಡ್ಡಾಯ, ಹಾಗಾಗಿ ತಪ್ಪಿಸ್ಕೊಳ್ಳೋ ದಾರಿ ಇಲ್ಲ. ಮಗು ‘ಮಾಝಾ ವಹೀ ಹರವಲಾ’ ಅಂತ ಬರೆದಿರುತ್ತೆ, ಟೀಚರ್ ‘ಮಾಝಾ’ಗೊಂದು ‘ಹರವಲಾ’ಗೊಂದು ಕೆಂಪು ಸುತ್ತು ಹಾಕಿರ್ತಾರೆ. ಬೇಕಾಗಿದ್ದು ‘ಮಾಝೀ ವಹೀ ಹರವಲೀ’, ಯಾಕಂದ್ರೆ ವಹೀ ಅಂದ್ರೆ ನೋಟ್‌ಬುಕ್, ಮರಾಠೀಲಿ ಅದು ಹೆಣ್ಣು ಪದ. ನಾವು ನನ್ನ ನೋಟ್‌ಬುಕ್ ಕಳೆದುಹೋಯ್ತು ಅಂತೀವಿ, ನೋಟ್‌ಬುಕ್ಕಿಗೆ ಗಂಡು ಹೆಣ್ಣು ಅನ್ನೋದೇ ನಮ್ಮಲ್ಲಿಲ್ಲ, ಮಗುಗೆ ಅದು ಹೇಗೆ ಹೊಳೀಬೇಕು? ಹೀಗೆ ಒಂದೇ ತಿಳುವಳಿಕೆ ಇಲ್ದೆ ಪೇಪರ್ ತುಂಬಾ ಕೆಂಪು ಆಗುತ್ತೆ, ಮನೇಲಿ ಮಗು ದಡ್ಡ ಅಂತ ಬೈಸ್ಕೊಳ್ಳುತ್ತೆ. ಎಷ್ಟೋ ಟೀಚರ್‌ಗಳಿಗೂ ಮನೇಲಿ ಯಾವ ಭಾಷೆ ಅಂತ ಗೊತ್ತಿರಲ್ಲ, ನೀವು ಹೇಳಿದ್ರೆ ಅವರಿಗೂ ಸಹಾಯ ಆಗುತ್ತೆ. ಇದಕ್ಕೆ ನನ್ನ ಸಲಹೆ ಒಂದೇ, ಪ್ರತಿ ಪದಾನೂ ‘ನನ್ನ’ ಅನ್ನೋದರ ಸರಿಯಾದ ರೂಪದ ಜೊತೇಲೇ ಕಲಿಸಿ: ಮಾಝಾ ಡಬಾ, ಮಾಝೀ ವಹೀ, ಮಾಝೇ ಪುಸ್ತಕ. ಬರೀ ಡಬಾ, ವಹೀ, ಪುಸ್ತಕ ಅಂತ ಬಾಯಿಪಾಠ ಮಾಡ್ಸಿದ್ರೆ ಏನೂ ಆಗಲ್ಲ. ಮತ್ತೆ ಆ ರೆಡಿ ಉತ್ತರದ ಡೈಜೆಸ್ಟ್‌ಗಳನ್ನ ದಯವಿಟ್ಟು ತಂದುಕೊಡ್ಬೇಡಿ, ಮಗು ಉತ್ತರ ಗಟ್ಟಿ ಹೊಡೆಯುತ್ತೆ, ಸ್ವಂತ ವಾಕ್ಯ ಬರೀ ಅಂದಾಗ ಮತ್ತೆ ಅದೇ ‘ಮಾಝಾ ವಹೀ’.

ಮೂರನೇದು ಮಗು ಜೊತೆ ಮಾತು. ಹಿಂದಿನ ದಿನ ರಾತ್ರಿ ಊಟ ಆದ್ಮೇಲೆ, ಬೈಯೋ ಮೂಡ್ ಇಲ್ದಾಗ, “ನಾಳೆ ಮಿಸ್ ಹತ್ರ ನಾನು ಏನು ಹೇಳ್ಬೇಕು ಅಂತ ನಿನಗನ್ಸುತ್ತೆ?” ಅಂತ ಕೇಳಿ. ಬೋರ್ಡ್ ಕಾಣಲ್ಲ, ಪಕ್ಕದವನು ಬರೆಯೋಕೆ ಬಿಡಲ್ಲ, ವಾಶ್‌ರೂಮ್‌ಗೆ ಹೋಗೋಕೆ ಭಯ, ಇಂಥವೆಲ್ಲ ಆವಾಗ್ಲೇ ಹೊರಗೆ ಬರೋದು.

ಆಮೇಲೆ ಚೀಟಿಲಿ ಎರಡೇ ಪ್ರಶ್ನೆ ಉಳಿಸ್ಕೊಳ್ಳಿ. ಪೋಷಕರು ಕೇಳಲೇಬೇಕಾದ ಇಪ್ಪತ್ತೈದು ಪ್ರಶ್ನೆ ಅಂತ ಫಾರ್ವರ್ಡ್ ಬರುತ್ತಲ್ಲ, ಅದನ್ನ ಡಿಲೀಟ್ ಮಾಡಿ, ಐದು ನಿಮಿಷದಲ್ಲಿ ಇಪ್ಪತ್ತೈದು ಪ್ರಶ್ನೆಗೆ ಯಾರೂ ಉತ್ತರ ಕೊಡಲ್ಲ. “ಮಿಸ್, ವಾಕ್ಯದ ಲೆಕ್ಕದಲ್ಲಿ ಮಾತ್ರ ಮಾರ್ಕ್ಸ್ ಹೋಗ್ತಿದೆ, ಕ್ಲಾಸಲ್ಲೂ ಹೀಗೇನಾ? ಮನೇಲಿ ನಾವೇನು ಮಾಡಿಸ್ಬೇಕು?” ಹೀಗೆ ಕೇಳಿ ನೋಡಿ, ಟೀಚರ್ ಮುಖಾನೇ ಬದಲಾಗುತ್ತೆ. ಮಗು 5ನೇ ಅಥವಾ 8ನೇ ಕ್ಲಾಸಲ್ಲಿದ್ರೆ ವಾರ್ಷಿಕ ಪರೀಕ್ಷೆ ಬಗ್ಗೆ ಈಗ್ಲೇ ವಿಚಾರಿಸಿ. ಶಿಕ್ಷಣ ಹಕ್ಕು ಕಾಯ್ದೆಗೆ (ಆರ್‌ಟಿಇ) 2019ರಲ್ಲಿ ತಿದ್ದುಪಡಿ ಬಂದ್ಮೇಲೆ ಈ ಎರಡು ಕ್ಲಾಸಲ್ಲಿ ಫೇಲಾದ್ರೆ ಎರಡು ತಿಂಗಳೊಳಗೆ ಮರುಪರೀಕ್ಷೆ, ಅದೂ ಆಗ್ಲಿಲ್ಲ ಅಂದ್ರೆ ಅದೇ ಕ್ಲಾಸಲ್ಲಿ ಕೂರಿಸ್ಬಹುದು.

ಸ್ಕೂಲಲ್ಲಿ ಟೀಚರ್ ಜೊತೆ ಯಾವ ಭಾಷೇಲಿ ಮಾತಾಡೋದು ಅನ್ನೋದನ್ನೂ ಹೇಳ್ಬೇಕು. ಊರಿಂದ ಈಚೆಗೆ ಬಂದ ತಾಯಂದಿರು ಮರಾಠಿ ಹಿಂದಿ ಬರಲ್ಲ ಅಂತ ಮಗುನೇ ದುಭಾಷಿ ಮಾಡ್ಕೋತಾರೆ. ಬೇಡ. ಟೀಚರ್ ನಾಲ್ಕು ಮಾತು ಹೇಳಿದ್ರೆ ಮಗು ಒಂದು ಮಾತು ಹೇಳುತ್ತೆ, ತನ್ನ ಮೇಲಿನ ದೂರನ್ನ ತಾನೇ ಯಾಕೆ ಹೇಳುತ್ತೆ ಪಾಪ. ನಾದಿನೀನೋ ಪಕ್ಕದ ಮನೆ ಅಕ್ಕಾನೋ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಹರಕುಮುರುಕು ಹಿಂದಿಲೇ ಮಾತಾಡಿ, ಯಾರೂ ನಗಲ್ಲ. ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಗೋ ವಡಾಲದ ಎನ್‌ಕೆಇಎಸ್‌ನಂಥ ಕನ್ನಡಿಗರ ಸಂಸ್ಥೆಗೋ ಮಗು ಹೋಗ್ತಿದ್ರೆ ಕನ್ನಡದಲ್ಲೇ ಮಾತಾಡೋ ಟೀಚರ್ ಸಿಗಬಹುದು. ಅಜ್ಜ ಬರ್ತೀನಿ ಅಂದ್ರೆ ಅವರನ್ನೂ ಕಳಿಸಿ, ಹಗಲು ಹೋಟೆಲಲ್ಲಿ ದುಡಿದು ಇದೇ ಊರಿನ ರಾತ್ರಿ ಶಾಲೆಗಳಲ್ಲಿ ಓದಿದ ತಲೆಮಾರು ಅದು, ಓದಿನ ಬೆಲೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಟೀಚರ್ ಮುಂದೆ ಮೊದಲು ಕೇಳಿಸ್ಕೊಳ್ಳಿ, ಚೀಟಿಲಿ ಬರ್ಕೊಳ್ಳಿ, ಫೋನಲ್ಲಿ ರೆಕಾರ್ಡ್ ಮಾಡ್ಬೇಡಿ. ಅಕ್ಷರ ತಿರುಗಿಸಿ ಬರೀತಾನೆ, ಓದೋಕೆ ಆಗಲ್ಲ ಆದ್ರೆ ಬಾಯಲ್ಲಿ ಎಲ್ಲಾ ಹೇಳ್ತಾನೆ ಅಂತ ಟೀಚರ್ ಅಂದ್ರೆ ಕೋಪ ಮಾಡ್ಕೋಬೇಡಿ, ಅದು ಕಲಿಕೆಯ ತೊಂದರೆ ಇರಬಹುದು. ಸಯನ್ ಆಸ್ಪತ್ರೇಲಿ, ನಾಯರ್ ಆಸ್ಪತ್ರೇಲಿ ಅದನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡ್ತಾರೆ, ಅದಿದ್ರೆ ಬೋರ್ಡ್ ಪರೀಕ್ಷೇಲಿ ಹೆಚ್ಚಿನ ಸಮಯ ಸಿಗುತ್ತೆ. ಬೇಗ ಹೋದಷ್ಟೂ ಒಳ್ಳೇದು, ಹತ್ತನೇ ಕ್ಲಾಸ್ ತನಕ ಕಾಯ್ಬೇಡಿ.

ಫೀಸ್ ವಿಷಯ ಕ್ಲಾಸ್ ಟೀಚರ್ ಹತ್ರ ತೆಗೀಬೇಡಿ, ಅವರ ಕೈಲಿ ಏನೂ ಇರಲ್ಲ. ಖಾಸಗಿ ಸ್ಕೂಲ್‌ಗಳಿಗೆ 2011ರ ಫೀಸ್ ಕಾಯ್ದೆ ಪ್ರಕಾರ ಪಿಟಿಎ (ಪಾಲಕರು ಮತ್ತು ಟೀಚರ್‌ಗಳ ಸಂಘ) ಕಾರ್ಯಕಾರಿ ಸಮಿತಿ ಇರ್ಬೇಕು, ಅದ್ರಲ್ಲಿ ಪ್ರತಿ ಕ್ಲಾಸಿಂದ ಒಬ್ಬ ಪಾಲಕರು ಇರ್ತಾರೆ, ಹೆಸರು ಕೊಟ್ಟವರಲ್ಲಿ ಚೀಟಿ ಎತ್ತಿ ಆರಿಸ್ತಾರೆ. ಜೂನಲ್ಲಿ ಸರ್ಕ್ಯುಲರ್ ಬಂದಾಗ ನೀವೂ ಹೆಸರು ಕೊಡಿ, ನಮ್ಮವರು ಹಿಂದೆ ಸರಿಯೋದೇ ಜಾಸ್ತಿ. ಮಗುಗೆ ಹೊಡೆದಿದ್ರೆ ಅದೂ ಐದು ನಿಮಿಷದ ಮಾತಲ್ಲ, ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಅದನ್ನ ನಿಷೇಧಿಸಿದೆ, ಪ್ರಿನ್ಸಿಪಾಲ್‌ಗೆ ಬರವಣಿಗೇಲಿ ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ.

ಗೇಟ್ ಹೊರಗೆ ಕೋಚಿಂಗ್ ಕ್ಲಾಸಿನವರು ಪಾಂಪ್ಲೆಟ್ ಹಿಡ್ಕೊಂಡು ನಿಂತಿರ್ತಾರೆ, ಬೇಜಾರಲ್ಲಿ ಹೊರಗೆ ಬಂದವರು ಅಲ್ಲೇ ಅಡ್ವಾನ್ಸ್ ಕಟ್ಟಿಬಿಡ್ತಾರೆ. ಆ ದಿನ ಯಾವುದಕ್ಕೂ ದುಡ್ಡು ಕಟ್ಬೇಡಿ. ಮನೆಗೆ ಬಂದು ಟೀಚರ್ ಹೇಳಿದ ಒಂದು ಒಳ್ಳೇ ಮಾತನ್ನ ಮಗುಗೆ ಮೊದಲು ಹೇಳಿ, ಆಮೇಲೆ ಮಾಡ್ಬೇಕಾದ ಒಂದೇ ಒಂದು ಕೆಲಸ ಹೇಳಿ, ದಿನಕ್ಕೆ ಎರಡು ವಾಕ್ಯದ ಲೆಕ್ಕ ಅಂದ್ರೆ ಎರಡೇ. ಮೂರು ವಾರ ಆದ್ಮೇಲೆ ಡೈರಿಲಿ ಟೀಚರ್‌ಗೆ ಎರಡು ಸಾಲು ಬರೆದು ಕಳಿಸಿ: ನೀವು ಹೇಳಿದ ಹಾಗೆ ಮಾಡಿಸ್ತಿದೀವಿ, ಕ್ಲಾಸಲ್ಲಿ ಏನಾದ್ರೂ ವ್ಯತ್ಯಾಸ ಕಾಣ್ತಿದೆಯಾ?