ಕುಂದಾಪ್ರದ ಹುಡುಗನಾದರೂ ಐಡಿ ತೋರಿಸಲೇಬೇಕು

ಶನಿವಾರ ರಾತ್ರಿ ಹತ್ತೂವರೆ. ಅಂಧೇರಿಯ ನಮ್ಮ ಬಾರ್ ಕೌಂಟರ್ ಮುಂದೆ ಜನ ಎರಡು ಸಾಲು ನಿಂತಿದ್ದರು. ಒಬ್ಬ ಹುಡುಗ ಎರಡು ಲಾರ್ಜ್ ವಿಸ್ಕಿ ಕೇಳಿದ. ಐಡಿ ತೋರಿಸಿ ಅಂದೆ. ನನ್ನ ಹಿಂದಿಯಲ್ಲಿ ಊರಿನ ವಾಸನೆ ಹೊಡೆದಿರಬೇಕು, ಅವನ ಮುಖ ಅರಳಿತು. "ಅಣ್ಣ, ನಾನೂ ಕುಂದಾಪ್ರದವ್ನೇ. ನಮ್ಗೂ ಐಡಿ ಎಂತಕೆ ಮಾರಾಯ್ರೆ?"

ಮೀಸೆ ದಪ್ಪಗಿತ್ತು. ಮೂವತ್ತು ಅಂದರೂ ನಂಬಬಹುದಿತ್ತು. ಲೈಸೆನ್ಸ್ ತೆಗೆಸಿ ನೋಡಿದರೆ 22. ಬಿಯರ್ ಕೊಡ್ತೇನೆ, ವಿಸ್ಕಿ ಇಲ್ಲ ಅಂದೆ. "ಊರಲ್ಲಿ 21 ಆದ್ರೆ ಸಾಕು" ಅಂತ ಸಿಟ್ಟು ಮಾಡಿಕೊಂಡ. ಅವನು ಹೇಳಿದ್ದು ಸರಿಯೇ. ಆದರೆ ನಾವಿರುವುದು ಮುಂಬೈಯಲ್ಲಿ.

ಇಲ್ಲಿನ ಬಾರ್‌ಗಳಿಗೆ ಪ್ರತಿ ವರ್ಷ ಕರಾವಳಿಯಿಂದ ಹೊಸ ಹುಡುಗರು ಕೆಲಸಕ್ಕೆ ಬರುತ್ತಾರೆ. ಪೆಗ್ ಅಳೆಯುವುದನ್ನು ಒಂದು ವಾರದಲ್ಲಿ ಕಲಿಯುತ್ತಾರೆ. ಐಡಿ ನೋಡುವುದನ್ನು ಮಾತ್ರ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆದೆ.

ಮೊದಲು ವಯಸ್ಸಿನ ಲೆಕ್ಕ

ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್, ವೋಡ್ಕಾ, ಜಿನ್‌ನಂಥ ಹಾರ್ಡ್ ಲಿಕ್ಕರ್‌ಗೆ 25 ತುಂಬಿರಬೇಕು. ಬಿಯರ್, ವೈನಿಗೆ 21. ಸ್ಟ್ರಾಂಗ್ ಬಿಯರ್ ಕೇಳಿದರೂ ನಮ್ಮಲ್ಲಿ 25ರ ಲೆಕ್ಕವೇ. ಕಾಕ್‌ಟೇಲ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಬಣ್ಣಬಣ್ಣದ ಗ್ಲಾಸ್, ಮೇಲೊಂದು ಪುದೀನ ಎಲೆ ಕಂಡ ಕೂಡಲೇ ಹಗುರದ್ದು ಅನಿಸುತ್ತದೆ. ಒಳಗಿರುವುದು ರಮ್ಮೇ ಅಲ್ವಾ? ಅದಕ್ಕೂ 25.

ಇಲ್ಲಿ ಕುಡಿಯುವವರ ಹತ್ತಿರ ಪರ್ಮಿಟ್ ಇರಬೇಕೆನ್ನುವ ನಿಯಮವೂ ಇದೆ. 1949ರ ಬಾಂಬೆ ಪ್ರೊಹಿಬಿಷನ್ ಆ್ಯಕ್ಟ್‌ನಿಂದ ಬಂದದ್ದು. ನಮ್ಮ ಶೆಟ್ಟರ ಹೋಟೆಲ್‌ಗಳ ಬೋರ್ಡಿನಲ್ಲಿ ಇವತ್ತಿಗೂ 'ಪರ್ಮಿಟ್ ರೂಂ' ಅಂತಿರುವುದು ಇದೇ ಕಾರಣಕ್ಕೆ. ಒಂದು ದಿನದ ಪರ್ಮಿಟ್ ಪುಸ್ತಕ ಗಲ್ಲಾದ ಹತ್ತಿರ ಇರುತ್ತದೆ. ಅದನ್ನು ಬರೆಯುವುದು ಸಾಮಾನ್ಯವಾಗಿ ಕ್ಯಾಶಿಯರ್ ಕೆಲಸ. ನಿಮ್ಮ ಕೆಲಸ ವಯಸ್ಸು ನೋಡುವುದು.

2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗನ ಪೋರ್ಶೆ ಕಾರಿಗೆ ಸಿಕ್ಕಿ ಇಬ್ಬರು ಸತ್ತರು. ಅವನಿಗೆ ಮದ್ಯ ಕೊಟ್ಟ ಬಾರ್‌ಗಳ ಮಾಲೀಕರು, ಮ್ಯಾನೇಜರ್‌ಗಳನ್ನೂ ಪೊಲೀಸರು ಹಿಡಿದರು. ಅದೇ ವರ್ಷದ ಜುಲೈಯಲ್ಲಿ ಮುಂಬೈಯ ವರ್ಲಿಯಲ್ಲಿ ಇನ್ನೊಂದು ಕಾರ್ ಅಪಘಾತ. ಆ ಕಾರು ಓಡಿಸಿದ, ಇನ್ನೂ 25 ತುಂಬದವನಿಗೆ ಹಾರ್ಡ್ ಲಿಕ್ಕರ್ ಕೊಟ್ಟದ್ದಕ್ಕೆ ಜುಹುವಿನ ಒಂದು ಬಾರ್‌ಗೆ ಅಬಕಾರಿ ಇಲಾಖೆ ಬೀಗ ಹಾಕಿತು. ಲೈಸೆನ್ಸ್ ಮಾಲೀಕರ ಹೆಸರಿನಲ್ಲಿರಬಹುದು. ಸಿಸಿಟಿವಿಯಲ್ಲಿ ಕಾಣುವುದು ಗ್ಲಾಸ್ ಕೊಟ್ಟ ಕೈ.

ಮಧ್ಯಾಹ್ನವೇ ಒಂದು ಚೀಟಿ ಬರೆಯಿರಿ

ರಾತ್ರಿ ಹನ್ನೊಂದರ ಗಲಾಟೆಯಲ್ಲಿ ಕಳೆಯುವ ಲೆಕ್ಕ ತಲೆಗೆ ಹತ್ತುವುದಿಲ್ಲ. ಬಾರ್ ತೆರೆಯುವ ಮುಂಚೆಯೇ ಎರಡು ತಾರೀಖು ಬರೆದು ಕೌಂಟರ್ ಒಳಗಡೆ ಅಂಟಿಸಿ. ಇವತ್ತು 2026ರ ಮಾರ್ಚ್ 15 ಅಂತಿಟ್ಟುಕೊಳ್ಳಿ. ಚೀಟಿಯಲ್ಲಿ 'ಹಾರ್ಡ್ 15-3-2001, ಬಿಯರ್ 15-3-2005' ಅಂತಿರಬೇಕು. ಕಾರ್ಡಿನಲ್ಲಿರುವ ತಾರೀಖು ಅದೇ ದಿನದ್ದಾಗಿದ್ದರೆ ಅಥವಾ ಅದಕ್ಕಿಂತ ಹಿಂದಿನದಾಗಿದ್ದರೆ ಕೊಡಿ. ಒಂದು ದಿನ ಈಚೆಗಿದ್ದರೂ ಇಲ್ಲ.

ಯಾವಾಗ ಕೇಳಬೇಕು?

ಆರ್ಡರ್ ಬಾಯಿಂದ ಬಿದ್ದ ತಕ್ಷಣ, ಬಾಟಲಿಗೆ ಕೈ ಹಾಕುವ ಮುಂಚೆ. ಗ್ಲಾಸ್ ಮುಂದಿಟ್ಟ ಮೇಲೆ ಕೇಳಿದರೆ ಜಗಳ ಗ್ಯಾರಂಟಿ. ಪೆಗ್ಗೂ ವೇಸ್ಟ್, ಅದರ ದುಡ್ಡು ಕೆಲವು ಕಡೆ ಹುಡುಗರ ಸಂಬಳದಿಂದಲೇ ಹೋಗುತ್ತದೆ. ನನ್ನದೂ ಒಮ್ಮೆ ಹೋಗಿದೆ.

ನೋಡಲು ಮೂವತ್ತರ ಒಳಗೆ ಕಂಡವರನ್ನೆಲ್ಲ ಕೇಳಿ. ಹುಡುಗಿಯರನ್ನು ಬಿಟ್ಟು ಹುಡುಗರನ್ನಷ್ಟೇ ಕೇಳುವುದು, ಸೂಟು ಹಾಕಿದವರನ್ನು ಬಿಡುವುದು, ಇದೆಲ್ಲ ಬೇಡ. "ಏ ಭಾಯ್, ಕಾರ್ಡ್ ದಿಖಾ" ಅಂದರೆ ಯಾರಿಗಾದರೂ ಮೈ ಉರಿಯುತ್ತದೆ. "ಸರ್, ಏಕ್ ಬಾರ್ ಐಡಿ ದಿಖಾ ದೀಜಿಯೇ, ಸಬ್‌ಸೇ ಲೇತೇ ಹೈಂ" ಅನ್ನಿ. ಮರಾಠಿಯವರಾದರೆ "ದಾದಾ, ಆಯ್‌ಡಿ ದಾಖವಾ ನಾ". ಎಲ್ಲರನ್ನೂ ಕೇಳುತ್ತೇವೆ ಅನ್ನುವ ಮಾತೊಂದು ಸೇರಿದರೆ ಅರ್ಧ ಸಿಟ್ಟು ಇಳಿಯುತ್ತದೆ.

ಕಾರ್ಡ್ ಕೈಗೆ ಬಂದ ಮೇಲೆ

ನನಗೆ ಜಾಸ್ತಿ ನಂಬಿಕೆ ಡ್ರೈವಿಂಗ್ ಲೈಸೆನ್ಸ್ ಮೇಲೆ. ಅದರ ನಂಬರಿನಲ್ಲೇ ಒಂದು ಗುಟ್ಟಿದೆ. ಮೊದಲು ರಾಜ್ಯ, ಆಮೇಲೆ ಆರ್‌ಟಿಒ: ಎಂಎಚ್-02 ಅಂದರೆ ಅಂಧೇರಿ, ಎಂಎಚ್-12 ಪುಣೆ, ಕೆಎ-20 ನಮ್ಮ ಉಡುಪಿ. ಅದರ ಮುಂದಿನ ನಾಲ್ಕು ಅಂಕೆ ಲೈಸೆನ್ಸ್ ಕೊಟ್ಟ ವರ್ಷ. ಅದರಿಂದ ಹುಟ್ಟಿದ ವರ್ಷ ಕಳೆಯಿರಿ. 18 ಅಥವಾ ಜಾಸ್ತಿ ಬರಬೇಕು. ಗೇರ್ ಇಲ್ಲದ ಚಿಕ್ಕ ಗಾಡಿಗೆ 16ಕ್ಕೇ ಸಿಗುತ್ತದೆ, ಅದೊಂದನ್ನು ಬಿಡಿ. ಒಮ್ಮೆ ಒಬ್ಬನ ಕಾರ್ಡಿನಲ್ಲಿ ಈ ಲೆಕ್ಕ 26 ಅಂತ ಬಂತು. ಅದರಲ್ಲಿ ತಪ್ಪೇನಿಲ್ಲ, ತಡವಾಗಿ ಗಾಡಿ ಕಲಿತವರು ಎಷ್ಟೋ ಜನ ಇದ್ದಾರೆ. ಆದರೆ ಮುಖದಲ್ಲಿ ಇನ್ನೂ ಮೊಡವೆ. ಕಾರ್ಡನ್ನು ಬಾರ್‌ನ ಲೈಟಿಗೆ ಹಿಡಿದು ಓರೆ ಮಾಡಿದೆ. ಫೋಟೊದ ಅಂಚು ಉಗುರಿಗೆ ಸಿಕ್ಕಿತು. ಅಣ್ಣನ ಕಾರ್ಡಿನ ಮೇಲೆ ತನ್ನ ಫೋಟೊ ಅಂಟಿಸಿಕೊಂಡು ಬಂದಿದ್ದ. ಅಷ್ಟು ನೀಟಾಗಿ ಅಂಟಿಸಿದವನಿಗೆ ಬೇರೆ ಕೆಲಸ ಸಿಗಬೇಕು ಬಿಡಿ!

ಆಧಾರ್ ಎಲ್ಲರ ಹತ್ತಿರವೂ ಇದೆ. ತೊಂದರೆಯೂ ಅದರಲ್ಲೇ ಜಾಸ್ತಿ. ಹಳೆಯ ಕೆಲವು ಕಾರ್ಡುಗಳಲ್ಲಿ ಬರೀ ಹುಟ್ಟಿದ ವರ್ಷ ಇರುತ್ತದೆ. ಅಂಥದ್ದಕ್ಕೆ ಡಿಸೆಂಬರ್ 31 ಅಂತಲೇ ಲೆಕ್ಕ ಹಾಕಿ. ಜನವರಿ 1 ಅಂತಿದ್ದರೆ ಮೋಸ ಅಂದುಕೊಳ್ಳಬೇಡಿ, ನಮ್ಮಪ್ಪನ ಆಧಾರ್‌ನಲ್ಲೂ ಅದೇ ತಾರೀಖು. ಕಲರ್ ಜೆರಾಕ್ಸ್ ತೆಗೆದು ಲ್ಯಾಮಿನೇಷನ್ ಮಾಡಿದ ಆಧಾರ್ ಬಂದರೆ ಹುಷಾರು. 2004ರ ನಾಲ್ಕನ್ನು ಸೊನ್ನೆ ಮಾಡುವುದು ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ಕ್ಯೂಆರ್ ಕೋಡನ್ನು ಮಾತ್ರ ಹಾಗೆ ತಿದ್ದಲಾಗುವುದಿಲ್ಲ. ಮ್ಯಾನೇಜರ್ ಫೋನಿನಲ್ಲಿ ಆಧಾರ್‌ನ ಸ್ಕ್ಯಾನರ್ ಆ್ಯಪ್ ಹಾಕಿಸಿಡಿ, ಸಂಶಯ ಬಂದರೆ ಸ್ಕ್ಯಾನ್ ಮಾಡಿ. ಹೊಸ ಕಾರ್ಡುಗಳಲ್ಲಂತೂ ಇದು ಗುರುತಿಗೆ ಮಾತ್ರ, ಹುಟ್ಟಿದ ದಿನಕ್ಕೆ ಪುರಾವೆ ಅಲ್ಲ ಅಂತ ಅಚ್ಚಾಗಿದೆ. ಹಾಗಾಗಿ ಅಂಚಿನಲ್ಲಿರುವ ವಯಸ್ಸಾದರೆ ಇನ್ನೊಂದು ಕಾರ್ಡ್ ಕೇಳಿ.

ಫೋನಿನಲ್ಲಿ ತೋರಿಸಿದರೆ ಸರ್ಕಾರದ ಡಿಜಿಲಾಕರ್ ಆ್ಯಪ್ ತೆರೆದು ತೋರಿಸಲಿ. ಗ್ಯಾಲರಿಯಲ್ಲಿರುವ ಸ್ಕ್ರೀನ್‌ಶಾಟ್ ಬೇಡ. ನಿಮ್ಮ ಎದುರೇ ಆ್ಯಪ್ ಮುಚ್ಚಿ ಮತ್ತೆ ತೆರೆಯಲು ಹೇಳಿ. ನಿಜವಾದದ್ದಾದರೆ ಯಾರೂ ಗೊಣಗುವುದಿಲ್ಲ. ಗೊಣಗಿದರೂ ತೆರೆಯುತ್ತಾರೆ.

ಹಳೆಯ ವೋಟರ್ ಕಾರ್ಡಿನಲ್ಲಿ ಇಂಥ ವರ್ಷದ ಜನವರಿ 1ಕ್ಕೆ ಇಷ್ಟು ವಯಸ್ಸು ಅಂತಿರುತ್ತದೆ, ಅಲ್ಲಿಂದ ಕೂಡಿಸಿಕೊಳ್ಳಿ. ಕಾಲೇಜ್ ಐಡಿ ನಡೆಯುವುದಿಲ್ಲ. ವಿದೇಶಿಯರ ಪಾಸ್‌ಪೋರ್ಟ್ ಸುಲಭ. ಅಮೆರಿಕದವರು ತಮ್ಮ ಲೈಸೆನ್ಸ್ ಕೊಟ್ಟರೆ ಮಾತ್ರ ನೆನಪಿರಲಿ, ಅವರು ತಿಂಗಳನ್ನು ಮೊದಲು ಬರೆಯುತ್ತಾರೆ.

ಕಾರ್ಡ್ ಅಸಲಿ, ಮನುಷ್ಯ ಬೇರೆ ಅಂತಲೂ ಆಗುತ್ತದೆ. ಹುಟ್ಟಿದ ತಾರೀಖು ಕೇಳಬೇಡಿ, ಅದನ್ನು ಬಾಯಿಪಾಠ ಮಾಡಿಯೇ ಬಂದಿರುತ್ತಾರೆ. ಹತ್ತನೇ ಕ್ಲಾಸ್ ಯಾವ ವರ್ಷ ಮುಗಿಸಿದೆ ಅಂತ ಕೇಳಿ. ಹುಟ್ಟಿದ ವರ್ಷಕ್ಕೆ ಹದಿನೈದು-ಹದಿನಾರು ಕೂಡಿಸಿದರೆ ಆ ವರ್ಷ ಬರಬೇಕು. ಅಣ್ಣನ ಕಾರ್ಡ್ ತಂದವನು ಇಲ್ಲಿ ಸೀಲಿಂಗ್ ನೋಡುತ್ತಾನೆ.

ಕಾರ್ಡಿನ ಫೋಟೊವನ್ನು ನಿಮ್ಮ ಫೋನಿನಲ್ಲಿ ತೆಗೆಯಬೇಡಿ, ಅದರಲ್ಲೂ ಹುಡುಗಿಯರದ್ದು. ನಕಲಿ ಅನಿಸಿದರೂ ಕಿತ್ತಿಟ್ಟುಕೊಳ್ಳಬೇಡಿ. ನಾವು ಪೊಲೀಸರಲ್ಲ. ವಾಪಸ್ ಕೊಡಿ, ಮ್ಯಾನೇಜರನ್ನು ಕರೆಯಿರಿ.

ಐದು ಜನರ ಟೇಬಲ್

ನಾಲ್ವರಿಗೆ 25 ಆಗಿದೆ, ಒಬ್ಬನಿಗೆ 20. ದಿನಾ ಬರುವ ತಲೆನೋವು ಇದು. ಅವನನ್ನು ಮುಜುಗರ ಮಾಡದೆ ಮೊದಲೇ ಒಂದು ಫ್ರೆಶ್ ಲೈಮ್ ಸೋಡಾ ಬರೆದುಕೊಳ್ಳಿ. ಕೆಓಟಿಯ (ಆರ್ಡರ್ ಚೀಟಿಯ) ಮೇಲೆ 'ಸೀಟ್ 3 ಸಾಫ್ಟ್' ಅಂತ ಬರೆಯಿರಿ. ಬದಲಿ ಬರುವ ಸ್ಟುವರ್ಡ್‌ಗೆ ಬಾಯಲ್ಲೂ ಹೇಳಿ. ನಾಲ್ವರಷ್ಟೇ ಕುಡಿಯಬಹುದಾದ ಆ ಟೇಬಲ್‌ನಿಂದ ಐದು ಪೆಗ್ ಆರ್ಡರ್ ಬಂದರೆ ಐದನೆಯದು ಯಾರಿಗೆ ಅಂತ ಕೇಳಿ. ಗೆಳೆಯನ ಗ್ಲಾಸಿನಿಂದ ಅವನು ಗುಟುಕರಿಸುವುದು ಕಂಡರೆ ಒಂದು ಸಲ ಮೆಲ್ಲಗೆ ಹೇಳಿ. ಎರಡನೇ ಸಲ ಕಂಡರೆ ಆ ಟೇಬಲ್‌ಗೆ ಮದ್ಯ ನಿಲ್ಲಿಸಿ, ಚಕಣಾ (ನಂಚಿಕೊಳ್ಳುವ ತಿಂಡಿ) ಬೇಕಾದಷ್ಟು ಹೋಗಲಿ.

ಇಲ್ಲ ಅಂದಾಗ ಕೆಲವರು ಐನೂರರ ನೋಟು ಮಡಚಿ ಕೈಗಿಡುತ್ತಾರೆ. ಕೆಲವರು ಶೇಟ್, ಅಂದರೆ ಮಾಲೀಕರು, ನನಗೆ ಗೊತ್ತು ಅನ್ನುತ್ತಾರೆ. "ಶೇಟ್‌ಗೇ ಫೋನ್ ಮಾಡಿ ಸರ್, ಅವರು ಹೇಳಿದರೆ ಕೊಡ್ತೇನೆ" ಅನ್ನಬೇಡಿ, ಅದು ದೊಡ್ಡ ತಪ್ಪು. ಶೇಟ್ ಹೇಳಿದರೂ ಕಾನೂನು ಅದೇ. "ನನ್ನ ಕೆಲಸ ಹೋಗ್ತದೆ ಸರ್" ಅಂದರೆ ಸಾಕು. ಮುಂಬೈಯವರಿಗೆ ಈ ಮಾತು ಅರ್ಥವಾಗುತ್ತದೆ.

ಹನ್ನೆರಡು ಹೊಡೆದಾಗ

ಬರ್ತ್‌ಡೇ ಪಾರ್ಟಿಗಳು ಹನ್ನೊಂದೂವರೆಗೆ ಬರುತ್ತವೆ. ಕೇಕ್ ಇರುತ್ತದೆ, ಹುಡುಗನಿಗೆ ಇವತ್ತು 24. ಹನ್ನೆರಡಕ್ಕೆ 25. ಗೆಳೆಯರು ಈಗಲೇ ಶಾಟ್ಸ್ ಕೇಳುತ್ತಾರೆ. ಅರ್ಧ ಗಂಟೆ ಅಲ್ವಾ ಅನ್ನುತ್ತಾರೆ. ಬಾರ್ ಒಂದೂವರೆಯವರೆಗೆ ಇರುತ್ತದೆ, ಕಾಯಲಿ. ಶಾಟ್ ಗ್ಲಾಸುಗಳನ್ನು ಸಾಲಾಗಿ ಖಾಲಿ ಇಟ್ಟು ಸುರಿಯಲು ರೆಡಿ ಮಾಡಿಕೊಳ್ಳಿ. ಹನ್ನೆರಡಾದ ಕೂಡಲೇ ಮೊದಲು ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿ, ಆಮೇಲೆ ಬಾಟಲಿ ತೆಗೆಯಿರಿ.