ಇಬ್ಬರೇ ಉಳಿದ ಮನೆಯಲ್ಲಿ ಮುಪ್ಪನ್ನು ನಿಭಾಯಿಸುವ ಬಗೆ

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಮತ್ತು ಪಿ.ಜೆ. ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಈಗ ಗಂಡ ಹೆಂಡತಿ ಇಬ್ಬರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ನೆಲೆಸಿದ್ದಾರೆ. ಇಂಥ ಮನೆಗಳಲ್ಲಿ ಪದೇ ಪದೇ ಕೇಳಿಬರುವ ಮಾತೆಂದರೆ, "ಇನ್ನೇನ್ ಬಿಡು, ನಮ್ದು ಆತು." ಆಡಿದವರು ಅದನ್ನು ಆಡಿ ಮರೆಯಬಹುದು. ಆದರೆ ಬೇರೆ ಯಾರ ದನಿಯೂ ಇಲ್ಲದ ಮನೆಯಲ್ಲಿ ಪಕ್ಕದಲ್ಲಿ ಕುಳಿತವರಿಗೆ ಅದೊಂದೇ ಮಾತು ದಿನವಿಡೀ ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ. ಮುಪ್ಪಿನ ಬಗೆಗಿನ ಭಾವನೆ ಅವರವರ ಸ್ವಂತದ್ದೆಂದು ನಾವು ತಿಳಿದಿದ್ದೇವೆ. ದಂಪತಿಗಳಲ್ಲಿ ಅದು ಒಬ್ಬರಿಂದ ಇನ್ನೊಬ್ಬರಿಗೆ ಹತ್ತುತ್ತದೆ. ಆದ್ದರಿಂದ ಅದನ್ನು ಇಬ್ಬರೂ ಸೇರಿಯೇ ನೋಡಿಕೊಳ್ಳಬೇಕು.

ಇದಕ್ಕೆ ಅಧ್ಯಯನಗಳ ಆಧಾರವೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು ಓಹಾಯೊ ರಾಜ್ಯದ 50 ದಾಟಿದ 660 ಜನರ ಮಾಹಿತಿಯನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತಮ್ಮ ಮುಪ್ಪನ್ನು ಒಳ್ಳೆಯ ಕಣ್ಣಿನಿಂದ ಕಂಡವರು ಹಾಗೆ ಕಾಣದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಅದೇ ದೇಶದಲ್ಲಿ 1992ರಿಂದ ನಡೆದುಬಂದಿರುವ 'ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿ' ಎಂಬ ದೀರ್ಘ ಸಮೀಕ್ಷೆಯು ಸಂಗಾತಿಗಳಿಬ್ಬರನ್ನೂ ಮಾತನಾಡಿಸುತ್ತದೆ. ಮುಪ್ಪಿನ ಕುರಿತು ಗಂಡನ ಎಣಿಕೆಗೂ ಹೆಂಡತಿಯ ಎಣಿಕೆಗೂ ನಂಟಿರುವುದನ್ನು ಅದರ ಮಾಹಿತಿಯಿಂದ ಸಂಶೋಧಕರು ತೋರಿಸಿದ್ದಾರೆ. ಒಳ್ಳೆಯ ಯೋಚನೆಯೊಂದರಿಂದಲೇ ಆಯುಸ್ಸು ಬೆಳೆಯುತ್ತದೆಂದು ಇದರಿಂದ ಹೇಳಲಾಗದು. ಆದರೆ ಮನೆಯಲ್ಲಿ ಆಡುವ ಮಾತನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇಷ್ಟು ಸಾಕು.

ಮೊದಲು ಮಾಡಬೇಕಾದ ಕೆಲಸವೆಂದರೆ, ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿರುವ ತೊಂದರೆಗಳಲ್ಲಿ ಚಿಕಿತ್ಸೆಗೆ ಬಗ್ಗುವ ಕಾಯಿಲೆ ಯಾವುದು ಎಂದು ಬೇರ್ಪಡಿಸಿ ನೋಡುವುದು. ಕಿವಿಯ ವಿಷಯವನ್ನೇ ತೆಗೆದುಕೊಳ್ಳಿ. ಅಡುಗೆಮನೆಯಿಂದ ಹೆಂಡತಿ "ಚಾ ಆತು, ಬರ್ರಿ" ಎಂದು ಕರೆಯುತ್ತಾರೆ, ಟಿ.ವಿ. ಮುಂದೆ ಕುಳಿತ ಗಂಡ ಅಲುಗಾಡುವುದಿಲ್ಲ. ಎರಡನೆಯ ಸಲ ದನಿ ಏರುತ್ತದೆ, ಮೂರನೆಯ ಸಲ ಸಿಟ್ಟು ಬರುತ್ತದೆ, ಆಗ ಕೇಳಿಸಿಕೊಂಡ ಗಂಡ "ಯಾಕ್ ಹಂಗ್ ಕೂಗ್ತೀಯ?" ಎಂದು ರೇಗುತ್ತಾರೆ. ನನ್ನ ಮಾತಿಗೆ ಬೆಲೆಯೇ ಇಲ್ಲವೆಂದು ಅವರು ನೊಂದರೆ, ಇವಳ ಸಿಡುಕು ಹೆಚ್ಚಾಯಿತೆಂದು ಇವರು ದೂರುತ್ತಾರೆ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಕುಗ್ಗುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಶಕ್ತಿ. ಆದ್ದರಿಂದಲೇ ಗಂಡಸರ ಮಾತಿಗಿಂತ ಹೆಂಗಸರ ಮತ್ತು ಮಕ್ಕಳ ಮಾತು ಹಿಡಿಯುವುದು ಕಷ್ಟವಾಗುತ್ತದೆ. ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿ ಶ್ರವಣ ಪರೀಕ್ಷೆ ಮಾಡಿಸಿದರೆ ವರ್ಷಗಟ್ಟಲೆ ನಡೆದ ಜಗಳದ ಮೂಲ ಎಷ್ಟೋ ಸಲ ಅಲ್ಲಿಯೇ ಸಿಗುತ್ತದೆ. ಅಲ್ಲಿಯವರೆಗೆ ಟಿ.ವಿ. ಸದ್ದನ್ನು ತಗ್ಗಿಸಿ, ಹತ್ತಿರ ಹೋಗಿ, ಮುಖ ನೋಡಿ ನಿಧಾನವಾಗಿ ಮಾತನಾಡಿ. ಕೂಗಿದರೆ ಮಾತು ಸ್ಪಷ್ಟವಾಗುವುದಿಲ್ಲ, ಸಿಟ್ಟಷ್ಟೇ ತಲುಪುತ್ತದೆ. ಕಣ್ಣಿನ ಪೊರೆಗೂ ಇದೇ ಮಾತು ಸಲ್ಲುತ್ತದೆ. ಸುಸ್ತು ಮತ್ತು ಮರೆವು ಹೆಚ್ಚಿದ್ದರೆ ಥೈರಾಯ್ಡ್, ವಿಟಮಿನ್ ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಬೇಕು.

ಖಿನ್ನತೆಯನ್ನು ಗುರುತಿಸುವುದು ಇನ್ನೂ ಕಷ್ಟ, ಏಕೆಂದರೆ ನಮ್ಮ ಹಿರಿಯರು ಮನಸ್ಸಿಗೆ ಬೇಸರವೆಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಮೈ ಕೈ ನೋವು, ಹೊಟ್ಟೆ ಸರಿಯಿಲ್ಲ, ಊಟ ಸೇರುವುದಿಲ್ಲ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಹೇಳುತ್ತಾರೆ. ಇದರ ಜೊತೆಗೆ, ಇಷ್ಟವಾದದ್ದರಲ್ಲಿಯೂ ಮನಸ್ಸಿಲ್ಲದ ಸ್ಥಿತಿ ಎರಡು ವಾರ ಮೀರಿ ಮುಂದುವರಿದರೆ ಅದನ್ನು ಮುಪ್ಪಿನ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಿ. ನಮ್ಮ ಜಿಲ್ಲಾ ಆಸ್ಪತ್ರೆಯಾದ ಚಿಗಟೇರಿ ಆಸ್ಪತ್ರೆಗೆ ಹೋಗಬಹುದು. ಹೋಗಲು ಹಿಂಜರಿಕೆಯಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು.

ಕಾಯಿಲೆಯಲ್ಲವೆಂದು ಖಚಿತವಾದ ಮೇಲೆ ಉಳಿಯುವುದು ಮಾತಿನ ವಿಚಾರ. "ನಮ್ದು ಆತು" ಎಂದವರಿಗೆ "ಹಂಗೆಲ್ಲ ಅನ್ನಬಾರದು" ಎಂದು ಬುದ್ಧಿ ಹೇಳಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದರ ಬದಲು "ಯಾಕ್ರೀ, ಇವತ್ತು ಏನಾತು?" ಎಂದು ಕೇಳಿ ನೋಡಿ. ಬಹಳ ಸಲ ಅದರ ಹಿಂದೆ ಆ ದಿನದ ಒಂದು ಸಣ್ಣ ಘಟನೆ ಇರುತ್ತದೆ: ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಎತ್ತಲಾಗಲಿಲ್ಲ, ಬ್ಯಾಂಕಿನಲ್ಲಿ ಯಾರೋ ಹುಡುಗ "ಅಜ್ಜ, ಪಕ್ಕಕ್ಕೆ ನಿಂದ್ರು" ಎಂದ, ಜೊತೆಯಲ್ಲಿ ಓದಿದವರು ತೀರಿಕೊಂಡ ಸುದ್ದಿ ಬಂತು. ಮೊಣಕಾಲಿಗೆ ಮದ್ದಿದೆ, ಅವಮಾನವನ್ನು ಹೇಳಿಕೊಂಡರೆ ಅರ್ಧ ಇಳಿಯುತ್ತದೆ, ಸ್ನೇಹಿತನ ಸಾವಿಗೆ ಇಬ್ಬರೂ ಕುಳಿತು ದುಃಖಿಸಬಹುದು. ಬದುಕೇ ಮುಗಿಯಿತೆಂಬ ಮಾತಿಗಾದರೋ ಯಾರೂ ಉತ್ತರ ಕೊಡಲಾರರು. ಮಕ್ಕಳೂ ಇಲ್ಲಿ ಎಚ್ಚರ ವಹಿಸಬೇಕು. ಅಪ್ಪ ಅಮ್ಮ ಭಾನುವಾರ ಜೊತೆಯಾಗಿ ಬೆಣ್ಣೆ ದೋಸೆ ತಿಂದು ಬಂದರೆಂದು ತಿಳಿದಾಗ "ಈ ವಯಸ್ನಾಗೆ ಇದೆಲ್ಲ ಬೇಕಿತ್ತಾ?" ಎನ್ನುವ ಮಕ್ಕಳು, ಸಕ್ಕರೆ ಕಾಯಿಲೆಯ ಕಾಳಜಿಯಿಂದಲೇ ಹಾಗೆ ಹೇಳಿದ್ದರೂ, ಅವರು ಮುಂದಿನ ವಾರ ಹೊರಗೆ ಹೊರಡುವ ಮನಸ್ಸನ್ನೇ ಕೊಲ್ಲುತ್ತಾರೆ.

ಇನ್ನು ಮನೆಗೆಲಸ. ಗಂಡನಿಗೆ ನಿವೃತ್ತಿಯಾದರೂ ಹೆಂಡತಿಗೆ ಆಗುವುದಿಲ್ಲ. ಅಲ್ಲದೆ ಹಗಲೆಲ್ಲ ಮನೆಯಲ್ಲಿಯೇ ಇರುವ ಗಂಡನಿಂದ ಅವರ ಕೆಲಸ ಹೆಚ್ಚುತ್ತದೆ. ನಾನು ಬಲ್ಲ ಒಬ್ಬ ನಿವೃತ್ತ ಮೇಷ್ಟ್ರು ಮೊದಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಲಹೆ ಕೊಡುತ್ತಿದ್ದರು. ಈಗ ಬೆಳಗಿನ ಹೊತ್ತು ಪೂರ್ತಿ ಅವರದು: ಹಾಲು ಕಾಯಿಸಿ, ಚಹಾ ಮಾಡಿ, ಇಬ್ಬರ ಮಾತ್ರೆಗಳನ್ನೂ ಡಬ್ಬಿಯ ಮನೆಗಳಲ್ಲಿ ವಾರಕ್ಕಾಗುವಷ್ಟು ಜೋಡಿಸಿಟ್ಟು, ಸೊಪ್ಪು ಬಿಡಿಸಿಕೊಡುವವರು ಅವರೇ. ಆ ಹೊತ್ತಿನಲ್ಲಿ ಅವರ ಮನೆಯವರು ದೇವಸ್ಥಾನಕ್ಕೆ ಹೋಗಿ, ಗೆಳತಿಯರೊಡನೆ ಮಾತಾಡಿ ಬರುತ್ತಾರೆ. ನೆರವಾಗುವುದಕ್ಕಿಂತ ಹೀಗೆ ಒಂದು ಕೆಲಸವನ್ನು ಪೂರ್ತಿ ವಹಿಸಿಕೊಳ್ಳುವುದೇ ಮೇಲು, ಏಕೆಂದರೆ ತನ್ನಿಂದ ನಡೆಯುವ ಕೆಲಸವೊಂದಿದೆ ಎಂಬ ಅರಿವು ನಿವೃತ್ತರ ಮನಸ್ಸಿಗೆ ಆಸರೆಯಾಗುತ್ತದೆ. ಹೆಂಡತಿಯೂ, ಚಹಾದಲ್ಲಿ ಸಕ್ಕರೆ ಹೆಚ್ಚಾದ ದಿನ, ತಪ್ಪೆತ್ತಿ ಆ ಕೆಲಸವನ್ನು ಹಿಂದಕ್ಕೆ ಕಸಿದುಕೊಳ್ಳಬಾರದು.

ಸ್ನೇಹಿತರು ಕಡಿಮೆಯಾದರೆಂದು ಗಾಬರಿಯಾಗಬೇಕಿಲ್ಲ. ಮುಂದಿರುವ ಕಾಲ ಕಡಿಮೆಯೆಂದು ಅರಿತವರು ಮನಸ್ಸಿಗೆ ಹತ್ತಿರವಾದ ಕೆಲವರನ್ನಷ್ಟೇ ಉಳಿಸಿಕೊಳ್ಳುವುದು ಸಹಜವೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ವಿವರಿಸಿದ್ದಾರೆ. ಆದರೂ ಇಬ್ಬರಿಗೂ ಬೇರೆ ಬೇರೆಯಾಗಿ ಒಬ್ಬಿಬ್ಬರು ಆಪ್ತರಿರಲಿ. ಎಲ್ಲ ದುಃಖವನ್ನೂ ಸಂಗಾತಿಯೊಬ್ಬರ ಮೇಲೆಯೇ ಹೇರುವುದು ತರವಲ್ಲ. ಕುಂದುವಾಡ ಕೆರೆಗೆ ವಾಕಿಂಗ್ ಹೋದಾಗ ನಡಿಗೆ ಹೊಂದದಿದ್ದರೆ ತಮ್ಮ ತಮ್ಮ ವೇಗದಲ್ಲಿ ನಡೆದು ಒಂದು ಕಡೆ ಕೂಡಿಕೊಳ್ಳಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ದಂಪತಿಗಳನ್ನು ಅಗಲಿಸುವ ಸಂದರ್ಭದಲ್ಲಿ. ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ತಾಯಿ ಬೆಂಗಳೂರಿಗೆ ಹೋಗುತ್ತಾರೆ, ಮನೆ ತೋಟ ನೋಡಿಕೊಳ್ಳಲು ತಂದೆ ಇಲ್ಲಿಯೇ ಉಳಿಯುತ್ತಾರೆ; ಮೂರು ತಿಂಗಳೆಂದದ್ದು ವರ್ಷವಾಗುತ್ತದೆ. ಕೆಲವು ಮನೆಗಳಲ್ಲಿ ಅಪ್ಪ ಒಬ್ಬ ಮಗನ ಪಾಲಿಗೆ, ಅಮ್ಮ ಇನ್ನೊಬ್ಬನ ಪಾಲಿಗೆ ಬರುತ್ತಾರೆ. ಹಿರಿಯರು ಸಂಕೋಚದಿಂದ ಒಪ್ಪುತ್ತಾರೆ. ಈ ವಯಸ್ಸಿನಲ್ಲಿ ಒಬ್ಬರನ್ನೊಬ್ಬರು ಬಿಟ್ಟಿರಲಾರೆವೆಂದು ಮಕ್ಕಳೆದುರು ಹೇಳಲು ನಾಚುತ್ತಾರೆ. ಹೊರಡುವ ಮೊದಲೇ ಇಬ್ಬರೂ ಕುಳಿತು, ಎಷ್ಟು ದಿನ, ನಡುವೆ ಯಾರು ಎಲ್ಲಿಗೆ ಬರುವುದು, ದಿನದ ಯಾವ ಹೊತ್ತಿಗೆ ಫೋನು ಎಂಬುದನ್ನು ತೀರ್ಮಾನಿಸಿ, ಆ ತೀರ್ಮಾನವನ್ನು ಮಕ್ಕಳಿಗೆ ತಿಳಿಸಿ. ತಿಳಿಸುವಾಗ "ನಾವಿಬ್ಬರೂ" ಎಂದೇ ಹೇಳಿ. ಒಬ್ಬರೇ ಹೇಳಿದರೆ ಅದು ಹಟವೆನಿಸಿಕೊಳ್ಳುತ್ತದೆ.

ಕೊನೆಗೆ, ಇಬ್ಬರಲ್ಲಿ ಒಬ್ಬರು ಮೊದಲು ಹೋಗುವ ವಿಚಾರ. ಅಪಶಕುನವೆಂದು ಇದನ್ನು ಮುಂದೂಡುವುದರಿಂದ ಭಯ ಕಡಿಮೆಯಾಗುವುದಿಲ್ಲ. ಅದರಲ್ಲಿಯೂ ಹಣಕಾಸಿನ ವ್ಯವಹಾರ ಗೊತ್ತಿಲ್ಲದ ಹೆಂಡತಿಯ ಭಯ ರಾತ್ರಿಯ ನಿದ್ದೆಯನ್ನೇ ತಿನ್ನುತ್ತದೆ. ಇಬ್ಬರಿಗೂ ಆಯಾಸವಿಲ್ಲದ ಒಂದು ಬೆಳಗ್ಗೆ ಪಾಸ್‌ಬುಕ್, ಪಿಂಚಣಿ ಕಾಗದ, ಮನೆಯ ಪತ್ರಗಳನ್ನು ಹರಡಿಕೊಂಡು ಕುಳಿತು, ಪ್ರತಿ ಖಾತೆಗೂ ನಾಮಿನಿ ಯಾರೆಂದು ನೋಡಿ. ಕುಟುಂಬ ಪಿಂಚಣಿಗೆ ಹೆಂಡತಿಯ ಹೆಸರು, ಜನ್ಮದಿನಾಂಕ ಸರಿಯಾಗಿವೆಯೇ ಎಂದು ಪರಿಶೀಲಿಸಿ. ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಹೋಗುವಾಗ ಅವರನ್ನೂ ಬ್ಯಾಂಕಿಗೆ ಕರೆದೊಯ್ಯಿರಿ. ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವ ಯೋಚನೆಯಿದ್ದರೆ, ನಮ್ಮಿಬ್ಬರನ್ನೂ ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿ. ಆ ಷರತ್ತು ಮುರಿದಾಗ ದಾನವನ್ನು ರದ್ದುಪಡಿಸುವಂತೆ ಕೇಳಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ಅವಕಾಶವಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು, ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಎಲ್ಲ ಕಾಗದಗಳನ್ನೂ ಒಂದೇ ಫೈಲಿನಲ್ಲಿಟ್ಟು, ಯಾವ ಕಾಗದ ಯಾವುದಕ್ಕೆ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಹೆಂಡತಿಯ ಕೈಗೆ ಸುಲಭವಾಗಿ ಎಟುಕುವಲ್ಲಿ ಇಡಿ.